ಮಣಿ ಗುರುತಿಸಬೇಕೇ? ಮೊದಲು ತೂತು ನೋಡಿ

ಮದುವೆಮನೆಯ ಗಡಿಬಿಡಿಯಲ್ಲೇ ಅಜ್ಜಿಯ ಸರದ ದಾರ ಹರಿಯುತ್ತದೆ. ಟ್ರಂಕಿನಿಂದ ತೆಗೆದು ಕೈಯಲ್ಲಿ ಹಿಡಿದದ್ದೇ ತಡ, ಗುಂಡು, ಕೆಂಪು ಮಣಿ, ಕರಿಮಣಿ ಎಲ್ಲವೂ ನೆಲಕ್ಕೆ. ಆರಿಸಿ ಡಬ್ಬಿಗೆ ತುಂಬಿಕೊಂಡು ಪತ್ತಾರರ ಬಳಿ ಹೋದರೆ ತಕ್ಕಡಿ ಏರುವುದು ಬಂಗಾರ ಮಾತ್ರ. ‘ಮಣಿ ತೂಕಕ್ಕ ಬರಂಗಿಲ್ರೀ ಅಕ್ಕಾರ, ಹೊಸಾವು ಹಾಕಿ ಕೊಡ್ತೀವಿ’ ಎಂಬ ಮಾತಿಗೆ ನಾವೂ ತಲೆಯಾಡಿಸುತ್ತೇವೆ. ಹಳೆಯ ಮಣಿ ಅಂಗಡಿಯ ಮೂಲೆ ಸೇರುತ್ತದೆ. ಅಲ್ಲಿಂದ ಹಳೆ ಸಾಮಾನು ಕೊಳ್ಳುವವರ ಕೈದಾಟಿ, ದೊಡ್ಡ ಊರಿನ ಅಂಗಡಿಯಲ್ಲಿ ‘ಆಂಟಿಕ್’ ಎಂಬ ಚೀಟಿ ಹಚ್ಚಿಕೊಂಡು ಕೂತರೂ ನಮಗೆ ಗೊತ್ತಾಗುವುದಿಲ್ಲ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮನೆಗಳಲ್ಲಿ ಇಂಥ ಮಣಿಗಳು ಈಗಲೂ ಇವೆ. ಹವಳಗಾದಂಥ ಊರುಗಳ ಒಕ್ಕಲು ಮನೆಗಳಲ್ಲಿ ಗುಳದಾಳಿ ಎಂಬ ತಾಳಿಯ ಎಡಬಲಕ್ಕೆ ಪೋಣಿಸಿದವು. ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳ ಕೊರಳ ಸರ, ಕಾಂಚಳಿ ಎಂಬ ಕುಪ್ಪಸದ ಅಂಚು, ಕೂದಲಿಗೆ ಕಟ್ಟುವ ಘೂಗರಿಯ ಎಳೆಗಳಲ್ಲಿ ಉಳಿದವು. ಅವುಗಳನ್ನು ಗುರುತಿಸುವುದು, ಮತ್ತೆ ಪೋಣಿಸುವುದು, ಕೆಡದಂತೆ ಇಡುವುದು ಹೇಗೆ ಎಂಬುದೇ ಇಲ್ಲಿಯ ವಿಷಯ.

ಎಲ್ಲಿಂದ ಬಂದವು?

ಗಾಜಿನ ಮಣಿ ನಮ್ಮ ನೆಲಕ್ಕೆ ಹೊಸದಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ಕಲ್ಲಿನ ಮಣಿಗಳ ಜೊತೆಗೆ ಗಾಜಿನವೂ ದೊರೆತವು. ಪುದುಚೇರಿ ಬಳಿಯ ಅರಿಕಮೇಡು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಮಣಿ ತಯಾರಿಕೆಯ ಊರಾಗಿತ್ತು. ಅಲ್ಲಿಯ ಮಾದರಿಯ ಸಣ್ಣ ಮಣಿಗಳು ಆಗ್ನೇಯ ಏಷ್ಯಾದವರೆಗೂ ಹೋಗಿವೆ. ಆಮೇಲೆ ಯುರೋಪಿನ ಹಡಗುಗಳ ಕಾಲ ಬಂತು. ವೆನಿಸ್‌ ಪಕ್ಕದ ಮುರಾನೊ ದ್ವೀಪದ ಮಣಿಗಳು, ಬೊಹೀಮಿಯಾದ, ಅಂದರೆ ಇಂದಿನ ಚೆಕ್ ದೇಶದ, ಅಚ್ಚೊತ್ತಿದ ಮಣಿಗಳು ಬಂದರುಗಳಲ್ಲಿ ಇಳಿದು ಒಳನಾಡಿನ ಸಂತೆಗಳಿಗೆ ಹರಿದವು. ಉಪ್ಪು, ದವಸ ಹೇರಿದ ಎತ್ತುಗಳೊಂದಿಗೆ ದಖ್ಖನ್ನು ಸುತ್ತುತ್ತಿದ್ದ ಲಂಬಾಣಿಗರಿಗೆ ಇಂಥ ಸಂತೆಗಳೇ ದಾರಿ. ಇತ್ತೀಚಿನ ಕಾಲದಲ್ಲಿ ಉತ್ತರ ಪ್ರದೇಶದ ಫಿರೋಜಾಬಾದ್, ಪುರ್ದಿಲ್‌ನಗರಗಳ ಸರಕು ಆ ಜಾಗ ತುಂಬಿದೆ.

ಹಾಗಾಗಿ ಮನೆಯ ಸರವನ್ನು ಕಂಡ ಕೂಡಲೇ ಬಹಮನಿ ಕಾಲಕ್ಕೆ ಹೋಗಬೇಡಿ. ಕಳೆದ ನೂರು, ನೂರೈವತ್ತು ವರ್ಷದ್ದು ಎಂದು ಹಿಡಿದು ಹೊರಡುವುದೇ ಕ್ಷೇಮ. ಅದಕ್ಕಿಂತ ಹಳೆಯದಾಗಿದ್ದರೆ ಮಣಿಯೇ ಸಾಕ್ಷಿ ಹೇಳಬೇಕು, ಮನೆತನದ ಹೆಮ್ಮೆಯಲ್ಲ.

ತೂತು ಯಾಕೆ ಮುಖ್ಯ?

ಮಣಿಯ ಬಣ್ಣ ಮೋಸ ಮಾಡುತ್ತದೆ. ಹೊಳಪನ್ನು ಉಜ್ಜಿ ತರಬಹುದು, ಉಜ್ಜಿ ತೆಗೆಯಲೂಬಹುದು. ಆದರೆ ಮಣಿ ಹುಟ್ಟಿದ ರೀತಿ ಅದರ ತೂತಿನಲ್ಲಿ, ತೂತಿನ ಅಂಚಿನಲ್ಲಿ ಉಳಿದುಬಿಡುತ್ತದೆ. ಹತ್ತು ಪಟ್ಟು ಹಿರಿದಾಗಿಸುವ ಭೂತಗನ್ನಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲಿನ ಕ್ಯಾಮೆರಾದಲ್ಲಿ ಹತ್ತಿರದಿಂದ ಚಿತ್ರ ತೆಗೆದು ಹಿರಿದು ಮಾಡಿ ನೋಡಿ; ಇನ್ನೊಂದು ಮೊಬೈಲಿನ ಟಾರ್ಚ್‌ ಮಣಿಯ ಹಿಂದಿರಲಿ.

ಎಳೆದ ಮಣಿ: ಕರಗಿದ ಗಾಜಿನ ಮುದ್ದೆಯ ನಡುವೆ ಗಾಳಿಗೆ ಜಾಗ ಮಾಡಿ ಉದ್ದಕ್ಕೆ ಎಳೆದರೆ ಟೊಳ್ಳು ಕೊಳವೆಯಾಗುತ್ತದೆ. ಅದನ್ನು ಸಣ್ಣಗೆ ತುಂಡರಿಸಿ, ಬೂದಿಯೊಂದಿಗೆ ಮತ್ತೆ ಕಾಯಿಸಿ ಅಂಚು ದುಂಡಾಗಿಸುತ್ತಾರೆ. ಆಂಧ್ರದಲ್ಲಿ, ತಿರುಪತಿ ಸಮೀಪದ ಪಾಪಾನಾಯುಡುಪೇಟೆಯಲ್ಲಿ ಉದ್ದನೆಯ ಕಬ್ಬಿಣದ ಕೊಳವೆಯಿಂದ ಹೀಗೆ ಎಳೆಯುವ ಹಳೆಯ ಪದ್ಧತಿ ನಮ್ಮ ಕಾಲದವರೆಗೂ ಉಳಿದು ಬಂದಿದೆ. ಬೆಲ್ಲದ ಪಾಕವನ್ನು ಎಳೆದಾಗ ಅದರೊಳಗಿನ ಗುಳ್ಳೆಗಳೂ ಉದ್ದವಾಗುತ್ತವಲ್ಲ, ಇಲ್ಲಿಯೂ ಹಾಗೆಯೇ. ಗುಳ್ಳೆ, ಗೆರೆ ಎಲ್ಲ ತೂತಿನ ಉದ್ದಕ್ಕೇ ಓಡುತ್ತವೆ. ತೂತು ನೇರ, ಒಳಗೋಡೆ ನುಣುಪು.

ಸುತ್ತಿದ ಮಣಿ: ಕಬ್ಬಿಣದ ಕಡ್ಡಿಗೆ ಬಿಸಿ ಗಾಜಿನ ಎಳೆಯನ್ನು ಸುತ್ತಿ ಮಾಡಿದ್ದು. ಇಲ್ಲಿ ಗೆರೆಗಳು ತೂತಿನ ಸುತ್ತ ತಿರುಗುತ್ತವೆ. ಕಡ್ಡಿಗೆ ಗಾಜು ಅಂಟದಿರಲೆಂದು ಬಳಿದ ಮಣ್ಣಿನ ಬಿಳಿ ಅಥವಾ ಬೂದು ಪುಡಿ ಎಷ್ಟೋ ಸಲ ತೂತಿನೊಳಗೆ ಉಳಿದಿರುತ್ತದೆ. ಅದನ್ನು ಕೊಳೆ ಎಂದು ಸೂಜಿಯಿಂದ ಕೆರೆಯಬೇಡಿ. ಹೂ ಚಿತ್ತಾರದ, ಚುಕ್ಕೆ ಇಟ್ಟ ವೆನಿಸ್ ಮಣಿಗಳಲ್ಲಿ ಹಲವು ಈ ಜಾತಿಯವು.

ಅಚ್ಚಿನ ಮಣಿ: ಎರಡು ಹೋಳಿನ ಅಚ್ಚಿನಲ್ಲಿ ಬಿಸಿ ಗಾಜನ್ನು ಒತ್ತಿದ್ದು. ಹೋಳುಗಳು ಕೂಡಿದ ಕಡೆ ಸಣ್ಣ ಏಣು ಕಾಣುತ್ತದೆ. ಉಜ್ಜಿ ತೆಗೆದಿದ್ದರೂ ಬೆರಳಿನ ಉಗುರಿಗೆ ಅದು ಸಿಗುವುದುಂಟು. ತೂತು ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದಾಗಿರಬಹುದು.

ಕಲ್ಲಿನ ಮಣಿ ಬೇರೆ. ಗುಜರಾತಿನ ಖಂಭಾತದ ಕೆಂಪು ಅಕೀಕದಂಥ ಕಲ್ಲನ್ನು ಕೈಯಿಂದ ಕೊರೆದಾಗ ಎರಡೂ ಕಡೆಯಿಂದ ಕೊರೆಯುತ್ತಿದ್ದರು. ಆ ಎರಡು ತೂತುಗಳು ನಡುವೆ ಸರಿಯಾಗಿ ಕೂಡದೆ ಸಣ್ಣ ಮೆಟ್ಟಿಲು ಉಳಿದಿರುತ್ತದೆ. ಗಾಜಿನ ಮಣಿಯಲ್ಲಿ ಆ ಮೆಟ್ಟಿಲು ಇರುವುದಿಲ್ಲ.

ಕೆಂಪು ಮಣಿ: ಹವಳವೋ, ಗಾಜೋ?

ನಮ್ಮ ಕಡೆ ಹೆಚ್ಚು ಜಗಳ ಆಗುವುದು ಕೆಂಪು ಮಣಿಯ ಮೇಲೆಯೇ. ‘ನಮ್ಮವ್ವಂದು ಖರೇ ಹವಳ’ ಎನ್ನುವ ಸರದಲ್ಲಿ ಅರ್ಧದಷ್ಟು ಗಾಜು ಇರಬಹುದು. ಅದರಲ್ಲಿ ಯಾರೂ ಮೋಸ ಮಾಡಿರಬೇಕೆಂದೇನಿಲ್ಲ. ಹವಳ ದುಬಾರಿ. ಒಡೆದ ಒಂದೊಂದರ ಜಾಗಕ್ಕೆ ಒಂದೊಂದು ಗಾಜಿನದು ಬಂದು ಕೂತಿರುತ್ತದೆ.

ತೂಕದಿಂದ ಇದನ್ನು ಹೇಳಲಾಗದು. ಹವಳವೂ ಗಾಜೂ ಸರಿಸುಮಾರು ಒಂದೇ ಸಾಂದ್ರತೆಯವು, ಎರಡೂ ನೀರಿನ ಎರಡೂವರೆ ಪಟ್ಟಿನ ಆಚೀಚೆ. ತೂಕ ಮತ್ತು ತಂಪಿನಿಂದ ಬೇರೆಯಾಗುವುದು ಪ್ಲಾಸ್ಟಿಕ್ ಮಾತ್ರ. ಮಣಿಯನ್ನು ಕೆನ್ನೆಗೆ ಮುಟ್ಟಿಸಿ: ಗಾಜು, ಕಲ್ಲು, ಹವಳ ತಣ್ಣಗೆ ಹತ್ತುತ್ತವೆ, ಪ್ಲಾಸ್ಟಿಕ್ ಹತ್ತುವುದಿಲ್ಲ.

ಹವಳದ ಮೈಮೇಲೆ ಭೂತಗನ್ನಡಿಯಲ್ಲಿ ಒಂದಕ್ಕೊಂದು ಸಮನಾಗಿ ಓಡುವ ನವಿರಾದ ಗೆರೆಗಳು, ಅಲ್ಲಲ್ಲಿ ಸಣ್ಣ ಕುಳಿಗಳು ಕಾಣುತ್ತವೆ. ಗಾಜಿನಲ್ಲಿ ಗುಳ್ಳೆ ಕಾಣುತ್ತದೆ; ಚೂರು ಹಾರಿದ ಜಾಗದಲ್ಲಿ ಚಿಪ್ಪಿನಾಕಾರದ ಹೊಳೆಯುವ ಒಡಕು ಇರುತ್ತದೆ.

ಈಗ ತೂತು ನೋಡಿ. ಹೊರಗೆ ಮಾಣಿಕ್ಯದಂಥ ಕೆಂಪು, ತೂತಿನ ಸುತ್ತ ಹಾಲಿನಂಥ ಬಿಳಿ ಉಂಗುರ ಕಂಡರೆ ಅದು ಎರಡು ಪದರದ ಗಾಜು. ಬಿಳಿ ಗಾಜಿನ ತಿರುಳಿನ ಮೇಲೆ ಕೆಂಪು ಗಾಜಿನ ತೆಳು ಹೊದಿಕೆ. ಒಳ್ಳೆಯ ಕೆಂಪು ಗಾಜಿನ ಬಣ್ಣಕ್ಕೆ ಚಿನ್ನವನ್ನೇ ಬಳಸುತ್ತಿದ್ದ ಕಾಲದಲ್ಲಿ ಇಡೀ ಮಣಿಯನ್ನು ಕೆಂಪು ಗಾಜಿನಿಂದ ಮಾಡುವುದು ಖರ್ಚಿನ ಮಾತು. ಬಿಳಿ ತಿರುಳಿನಿಂದ ಗಾಜೂ ಉಳಿಯಿತು, ಬಣ್ಣವೂ ಬೆಳಗಿತು. ವೆನಿಸ್‌ನವರು ಇಂಥವನ್ನು 19ನೇ ಶತಮಾನದಲ್ಲಿ ಹೇರಳವಾಗಿ ಮಾಡಿ ದೇಶದೇಶಕ್ಕೆ ಕಳಿಸಿದರು. ಹಸಿರು ತಿರುಳಿನವು ಅದಕ್ಕೂ ಹಿಂದಿನವು.

ಆದರೆ ಬಿಳಿ ಕಂಡಾಕ್ಷಣ ತೀರ್ಪು ಕೊಡಬೇಡಿ. ಬಣ್ಣ ಹಾಕಿದ ಅಗ್ಗದ ಹವಳದಲ್ಲೂ ತೂತಿನೊಳಗೆ ಬಿಳಿ ಕಾಣುತ್ತದೆ. ವ್ಯತ್ಯಾಸ ಗಡಿಯಲ್ಲಿದೆ. ಪದರದ ಗಾಜಿನಲ್ಲಿ ಕೆಂಪು ಮತ್ತು ಬಿಳಿಯ ನಡುವೆ ಗೀಟು ಎಳೆದ ಹಾಗೆ ಸ್ವಚ್ಛ ವೃತ್ತ ಇರುತ್ತದೆ. ಬಣ್ಣದ ಹವಳದಲ್ಲಿ ಕೆಂಪು ಒಳಗೆ ಹೋದಂತೆ ಮಾಸುತ್ತದೆ, ಬಿರುಕುಗಳಲ್ಲಿ ಮಾತ್ರ ದಟ್ಟವಾಗಿ ನಿಂತಿರುತ್ತದೆ.

ನಿಂಬೆರಸ ಹಾಕಿ ನೊರೆ ಬಂದರೆ ಹವಳ ಎಂಬ ಪರೀಕ್ಷೆ ಸುಳ್ಳಲ್ಲ. ಆದರೆ ಆ ನೊರೆ ಅಂದರೆ ನಿಮ್ಮ ಹವಳ ಕರಗುತ್ತಿರುವುದು. ಒಂದು ಹನಿಗೂ ಹೊಳಪು ಹೋಗಿ ಮಚ್ಚೆ ಉಳಿಯುತ್ತದೆ. ಗೆರೆ ನೋಡಿ ತಿಳಿಯುವುದನ್ನು ಹುಳಿ ಹಾಕಿ ಯಾಕೆ ತಿಳಿಯಬೇಕು?

ಇನ್ನು ಕರಿಮಣಿ. ಟಾರ್ಚಿನ ಬೆಳಕಿಗೆ ಹಿಡಿದರೆ ಹಳೆಯ ‘ಕಪ್ಪು’ ಗಾಜು ಎಷ್ಟೋ ಸಲ ಕಪ್ಪೇ ಅಲ್ಲ. ಅಂಚಿನಲ್ಲಿ ಕಡು ನೇರಳೆಯೋ ಕಡು ಹಸಿರೋ ಹಾಯುತ್ತದೆ. ಮ್ಯಾಂಗನೀಸ್, ಕಬ್ಬಿಣ ಹೆಚ್ಚಾಗಿ ಬೆರೆತ ಗಾಜು ಅದು. ಬೆಳಕು ಒಂದಿಷ್ಟೂ ಹಾಯದಿದ್ದರೆ ಹೊಸದು ಎಂದು ಅರ್ಥವಲ್ಲ. ಹಾಯ್ದರೆ ಗಾಜಾಗಿರುವ ಸಾಧ್ಯತೆ ಹೆಚ್ಚು.

ಹಳೆಯದೆಂದು ಮಾರುವ ಹೊಸದು

ಜಾತ್ರೆ, ಉರುಸುಗಳಲ್ಲಿ, ಘತ್ತರಗಿಯಿರಲಿ ಆಳಂದದ ದರ್ಗಾ ಇರಲಿ, ಮಣಿ ಮಾರುವವರು ಹೊಸದನ್ನು ಹೊಸದೆಂದೇ ಕಡಿಮೆ ಬೆಲೆಗೆ ಕೊಡುತ್ತಾರೆ. ಅವರಿಂದ ತೊಂದರೆ ಇಲ್ಲ. ಎಚ್ಚರ ಬೇಕಾದದ್ದು ‘ತಾಂಡಾದಿಂದ ತಂದದ್ದು, ನೂರು ವರ್ಷದ್ದು’ ಎಂದು ಕಥೆ ಸೇರಿಸಿ ಮಾರುವಲ್ಲಿ. ಆಮ್ಲದಲ್ಲಿ ಅದ್ದಿ, ಮಣ್ಣಿನಲ್ಲಿ ಹೊರಳಿಸಿ ಮಾಸಿಸಿದ ಮಣಿಗಳು ಮಾರುಕಟ್ಟೆಯಲ್ಲಿ ಸಾಕಷ್ಟಿವೆ.

ನಿಜವಾದ ಸವಕಳಿಗೆ ಜಾಗದ ಲೆಕ್ಕ ಇರುತ್ತದೆ. ಪಕ್ಕದ ಮಣಿ ತಾಗುವ ಎರಡು ತುದಿಗಳು, ಎದೆಗೂ ಬಟ್ಟೆಗೂ ಉಜ್ಜುವ ಹೊಟ್ಟೆಯ ಭಾಗ, ದಾರ ಜಗ್ಗುವ ತೂತಿನ ಒಂದು ಅಂಚು ಸವೆಯುತ್ತವೆ. ತಗ್ಗಿನಲ್ಲಿ ಹೊಳಪು ಉಳಿದಿರುತ್ತದೆ. ಕೃತಕವಾಗಿ ಮಾಸಿಸಿದ ಮಣಿಯಲ್ಲಿ ತಗ್ಗು, ಉಬ್ಬು, ತೂತಿನ ಒಳಗೋಡೆ ಎಲ್ಲವೂ ಒಂದೇ ಸಮ ಮಂಕು. ಐವತ್ತು ಮಣಿಗಳ ಸರದಲ್ಲಿ ಐವತ್ತೂ ಒಂದೇ ರೀತಿ ಸವೆದಿದ್ದರೆ ಕೊಳ್ಳಬೇಡಿ.

ಮತ್ತೆ ಪೋಣಿಸುವುದು

ಹಳೆಯ ಮಣಿ ಕೆಡುವುದು ಹೆಚ್ಚಾಗಿ ಧರಿಸುವಾಗಲ್ಲ, ರಿಪೇರಿ ಮಾಡುವಾಗ. ಗಾಜು ದಾರಕ್ಕಿಂತ ಗಟ್ಟಿ, ಹಾಗಾಗಿ ತೂತಿನ ಹರಿತ ಅಂಚು ದಾರವನ್ನು ಕೊಯ್ಯುತ್ತದೆ. ಅದಕ್ಕೆ ಹೆದರಿ ತಂತಿ ಹಾಕಿದರೆ ತಂತಿ ತೂತನ್ನು ಒಳಗಿನಿಂದ ಸೀಳುತ್ತದೆ. ನಡುವಿನ ದಾರಿ ಇದು:

1. ಸರ ಇನ್ನೂ ಪೂರ್ತಿ ಹರಿದಿಲ್ಲವಾದರೆ, ದಾರ ಕತ್ತರಿಸುವ ಮೊದಲು ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಎರಡೂ ಬದಿಯ ಫೋಟೊ ತೆಗೆಯಿರಿ. ಮಣಿಗಳ ಕ್ರಮವೂ ಒಂದು ದಾಖಲೆ. ಗುಂಡಿನ ಪಕ್ಕ ಎಷ್ಟು ಕೆಂಪು, ಎಷ್ಟು ಕಪ್ಪು ಎಂಬುದು ಮನೆಯಿಂದ ಮನೆಗೆ, ತಾಂಡಾದಿಂದ ತಾಂಡಾಕ್ಕೆ ಬೇರೆಯಾಗಬಹುದು.

2. ದಪ್ಪ ಟವೆಲ್ಲಿನ ಮೇಲೆ ಕೆಲಸ ಮಾಡಿ. ಕಲ್ಲು ಹಾಸಿನ ನೆಲದ ಮೇಲೆ ಬಿದ್ದ ಗಾಜಿನ ಮಣಿ ಒಡೆಯದಿದ್ದರೂ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ.

3. ಬಿರುಕು ಬಿಟ್ಟವು, ಅಂಚು ಹಾರಿದವುಗಳನ್ನು ಬೇರೆ ಇಡಿ. ಅವುಗಳನ್ನು ಸರದ ಹಿಂಭಾಗಕ್ಕೆ, ಕತ್ತಿನ ಹಿಂದೆ ಭಾರ ಬೀಳದ ಕಡೆಗೆ ಪೋಣಿಸಬಹುದು.

4. ದಾರ ರೇಷ್ಮೆಯದಾಗಲಿ, ಇಲ್ಲವೇ ಮೇಣ ತೀಡಿದ ಗಟ್ಟಿ ನೂಲಾಗಲಿ. ನೈಲಾನ್ ಗಾಳದ ದಾರ ಬೇಡ: ಗಂಟು ಜಾರುತ್ತದೆ, ಸರ ಬಿರುಸಾಗಿ ನಿಲ್ಲುತ್ತದೆ. ತಾಮ್ರದ ತಂತಿಯಂತೂ ಬೆವರಿಗೆ ಹಸಿರು ಕಿಲುಬು ಹಿಡಿದು ಮಣಿಗೆ ಕಲೆ ಬಿಡುತ್ತದೆ.

5. ಸೂಜಿ ಹೋಗದಿದ್ದರೆ ಒತ್ತಬೇಡಿ. ಮಣಿ ಸೀಳುವುದು ಆ ಒತ್ತುವಿಕೆಯಲ್ಲೇ. ದಾರದ ತುದಿಗೆ ಮೇಣ ಅಥವಾ ಫೆವಿಕಾಲ್ ಹಚ್ಚಿ, ಹೊಸೆದು ಒಣಗಿಸಿದರೆ ತುದಿಯೇ ಸೂಜಿಯಾಗುತ್ತದೆ. ಆಗಲೂ ಹೋಗದಿದ್ದರೆ ತೆಳ್ಳನೆಯ ದಾರ ತಗೊಳ್ಳಿ. ತೂತನ್ನು ಕೊರೆದು ಹಿಗ್ಗಿಸುವ ಮಾತು ಬೇಡ.

6. ಬೆಲೆಯುಳ್ಳ ಮಣಿಗಳ ನಡುವೆ ಗಂಟು ಹಾಕಿಸಿ. ಗಾಜಿಗೆ ಗಾಜು ತಾಗುವುದಿಲ್ಲ. ದಾರ ಹರಿದರೂ ಒಂದೇ ಮಣಿ ಬೀಳುತ್ತದೆ. ಗಂಟು ಬೇಡವೆಂದರೆ, ಸರ ಸುಲಭವಾಗಿ ಬಾಗುವಷ್ಟು, ಒಂದು ಮಣಿಯ ಅಗಲದಷ್ಟು ಸಡಿಲ ಬಿಡಿಸಿ.

ಇಷ್ಟು ತಾಳ್ಮೆ ಇಲ್ಲದವರು ಸರ ಪೋಣಿಸುವ ಪಟವೇಗಾರರ ಬಳಿ ಹೋಗುವುದು ಒಳ್ಳೆಯದು. ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಬಿಗಿ ಹಿಡಿದು, ಎರಡೂ ಕೈಯಿಂದ ಗಂಟು ಕೂರಿಸುವ ಅವರ ಕೆಲಸದ ಹದ ಮನೆಯಲ್ಲಿ ಬರುವಂಥದ್ದಲ್ಲ. ಆದರೆ ‘ಹಳೇ ಮಣಿನೇ ಹಾಕ್ರಿ, ಉಳದಿದ್ದು ವಾಪಸ್ ಕೊಡ್ರಿ’ ಎಂದು ಮೊದಲೇ ಹೇಳಿ, ಅವರೆದುರೇ ಎಣಿಸಿ ಕೊಡಿ. ತಾಳಿಯ ಸರವಾದರೆ ‘ಈಗಿಂದೀಗ ಬೇಕು’ ಎಂದು ಅವಸರ ಮಾಡುತ್ತೇವೆ. ಅರಿಸಿನ ಕೊಂಬು ಕಟ್ಟಿಕೊಂಡು ಕಾಯುವ ರೂಢಿಯನ್ನು ಹಿರಿಯರು ಇಟ್ಟಿರುವಾಗ ಅವಸರವೇಕೆ?

ತೊಳೆಯುವುದು, ಇಡುವುದು

ಗಾಜಿಗೆ ಏನೂ ಆಗುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಗಾಜು ಮಾಡುವಾಗ ಮರಳಿಗೆ ಕ್ಷಾರ ಬೆರೆಸುತ್ತಾರೆ. ಆ ಕ್ಷಾರ ಹೆಚ್ಚಾಗಿ ಸುಣ್ಣದ ಅಂಶ ಕಡಿಮೆಯಾಗಿದ್ದರೆ, ಗಾಳಿಯ ತೇವ ಅದನ್ನು ನಿಧಾನವಾಗಿ ಹೊರಗೆ ಎಳೆಯುತ್ತದೆ. ಮಣಿ ಸೋಪಿನ ಹಾಗೆ ಜಾರುತ್ತದೆ, ಬೆವರಿದಂತೆ ತೇವವಾಗುತ್ತದೆ, ಬಿಳಿ ಪುಡಿ ಕೂರುತ್ತದೆ, ಕೊನೆಗೆ ಮೈತುಂಬ ಕೂದಲೆಳೆಯ ಬಿರುಕು. ಇಂಥ ಮಣಿ ಕಂಡರೆ ಉಳಿದವುಗಳಿಂದ ಬೇರೆ ಮಾಡಿ, ಒಣ ಮೆತ್ತನೆ ಬಟ್ಟೆಯಿಂದ ಒರೆಸಿ ಇಡಿ. ಅದನ್ನು ನೆನೆಹಾಕಬೇಡಿ, ಬಿಸಿಲಿಗೂ ಇಡಬೇಡಿ.

ಗಟ್ಟಿಯಾಗಿರುವ ಮಣಿಗೆ ಒಣ ಮೆತ್ತನೆ ಬ್ರಷ್ ಸಾಕು. ಜಿಡ್ಡು ಹೋಗದಿದ್ದರೆ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಆಗಲೇ ಒಣಗಿಸಿ. ದಾರದಲ್ಲಿರುವಾಗ ನೀರಿನಲ್ಲಿ ಮುಳುಗಿಸಿದರೆ ತೂತಿನೊಳಗೆ ತೇವ ಉಳಿದು ದಾರ ಕೊಳೆಯುತ್ತದೆ.

ಕಲಬುರಗಿ ಸೀಮೆಯ ಬೇಸಿಗೆ ಬೆಂಕಿ, ಮಳೆಗಾಲ ತೇವ. ಈ ಏರಿಳಿತವೇ ಹಳೆಯ ಗಾಜಿನ ಶತ್ರು. ಆದ್ದರಿಂದ ಸರವನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಅಥವಾ ತಗಡಿನ ಮಾಡಿನ ಕೆಳಗಿನ ಟ್ರಂಕಿನಲ್ಲಿ ಇಡುವ ಬದಲು ಮನೆಯ ನಡುಕೋಣೆಯಲ್ಲಿ, ತೊಳೆದ ಬಿಳಿ ಹತ್ತಿ ಬಟ್ಟೆ ಹಾಸಿದ ಡಬ್ಬಿಯಲ್ಲಿ ಮಲಗಿಸಿ ಇಡಿ. ಗಾಳಿಯಾಡದ ಪ್ಲಾಸ್ಟಿಕ್ ಚೀಲ ಬೇಡ, ಒಳಗಿನ ತೇವ ಒಳಗೇ ಉಳಿಯುತ್ತದೆ. ಗೋಡೆಯ ಮೊಳೆಗೆ ತೂಗುಹಾಕಿದರೆ ಭಾರವೆಲ್ಲ ಒಂದೇ ಕಡೆಯ ದಾರದ ಮೇಲೆ ಬೀಳುತ್ತದೆ.

ಸಾಮಾನ್ಯ ತಪ್ಪುಗಳು

ಮಣಿ ಇರುವಂತೆಯೇ ಬೆಸುಗೆಗೆ ಕೊಡುವುದು. ಬೆಂಕಿ ತಾಗಿದ ಗಾಜು ಅಲ್ಲೇ ಚಟ್ಟನೆ ಒಡೆಯುತ್ತದೆ. ಮಣಿ ಬಿಡಿಸಿಯೇ ಪತ್ತಾರರಿಗೆ ಕೊಡಿ.

ಹುಣಸೆಹಣ್ಣು, ನಿಂಬೆ, ಬೂದಿಯಿಂದ ಉಜ್ಜುವುದು. ಬೆಳ್ಳಿಗೆ ಒಗ್ಗಿದ್ದು ಹವಳಕ್ಕೂ ಗಾಜಿಗೂ ಒಗ್ಗುವುದಿಲ್ಲ. ಲಂಬಾಣಿ ಆಭರಣದಲ್ಲಿ ಲೋಹ, ಮಣಿ, ಕವಡೆ, ಕನ್ನಡಿ, ಉಣ್ಣೆ ಒಟ್ಟಿಗೇ ಇರುವುದರಿಂದ ಒಂದನ್ನು ತೊಳೆಯಹೋಗಿ ಇನ್ನೊಂದು ಕೆಡುತ್ತದೆ.

ಬಿಸಿನೀರಿಗೆ ಹಾಕುವುದು. ಬೋರಮಾಳದಂಥ ಟೊಳ್ಳು ಬಂಗಾರದ ಗುಂಡುಗಳ ಒಳಗೆ ಅರಗು ತುಂಬಿರುತ್ತದೆ. ಬಿಸಿಗೆ ಅರಗು ಮೆತ್ತಗಾಗಿ ಹೊರಬರುತ್ತದೆ, ಗುಂಡು ತಗ್ಗು ಬೀಳುತ್ತದೆ.

ಯಂತ್ರದಲ್ಲಿ ತೊಳೆಸುವುದು. ಆಭರಣದಂಗಡಿಯ ಅಲ್ಟ್ರಾಸಾನಿಕ್ ಯಂತ್ರ ಅಪ್ಪಟ ಬಂಗಾರಕ್ಕೆ ಸರಿ. ಬಿರುಕಿರುವ ಗಾಜನ್ನು ಅದು ಎರಡಾಗಿಸುತ್ತದೆ.

ಮಕ್ಕಳ ಕೈಗೆ ಆಟಕ್ಕೆ ಕೊಡುವುದು. ಹಳೆಯ ಹಳದಿ ಗಾಜಿನ ಬಣ್ಣಕ್ಕೆ ಸೀಸ ಬಳಸುವುದು ರೂಢಿಯಲ್ಲಿತ್ತು. ಕೊರಳಲ್ಲಿ ಧರಿಸಿದರೆ ಭಯವಿಲ್ಲ, ಬಾಯಿಗೆ ಹೋಗಬಾರದು.

ಮಾರುವ ಮುನ್ನ

ಕಷ್ಟಕಾಲದಲ್ಲಿ ಮಾರುವುದು ತಪ್ಪಲ್ಲ. ಆದರೆ ಹರಿದ ಸರದ ಮಣಿಗಳನ್ನು ಬಂಗಾರದ ಜೊತೆ ಬಿಟ್ಟಿಯಾಗಿ ಬಿಟ್ಟುಬರಬೇಡಿ. ವೆನಿಸ್‌ನ ಚಿತ್ತಾರದ ಮಣಿ, ಪದರದ ಕೆಂಪು ಮಣಿಗಳನ್ನು ಸಂಗ್ರಹಿಸುವವರು ಜಗತ್ತಿನಾದ್ಯಂತ ಇದ್ದಾರೆ. ಬಿಡಿ ಮಣಿಗಿಂತ ಮೂಲ ಕ್ರಮದಲ್ಲಿರುವ ಇಡೀ ಸರಕ್ಕೆ ಹೆಚ್ಚು ಮರ್ಯಾದೆ.

ಕಾನೂನೂ ಗೊತ್ತಿರಲಿ. 1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾವಸ್ತು ಪ್ರಾಚ್ಯವಸ್ತು ಎನಿಸಬಹುದು. ಅದನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಅದರ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಹೊರದೇಶದಲ್ಲಿರುವ ಮಗಳಿಗೆ ಹಳೆಯ ಸರ ಕಳಿಸುವ ಯೋಚನೆಯಿದ್ದರೆ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳಿ. ಲಂಬಾಣಿ ಬಳಿಯಾಗಳಲ್ಲಿ, ಅಂದರೆ ಬಳೆಗಳಲ್ಲಿ, ಹಳೆಯವು ಕೆಲವು ಆನೆದಂತದವು. ಎಷ್ಟೇ ಹಳೆಯದಾದರೂ ದಂತದ ಮಾರಾಟ ಅಪರಾಧ.

ಹೊಲದಲ್ಲಿ ಸಿಕ್ಕ ಮಣಿಯ ಮಾತೇ ಬೇರೆ. 1986ರಲ್ಲಿ ಅಶೋಕನ ಶಾಸನ ಬೆಳಕಿಗೆ ಬಂದ ಸನ್ನತಿ ಭೀಮಾ ನದಿಯ ತೀರದ್ದು, ಇದೇ ಜಿಲ್ಲೆಯದ್ದು. ಇಂಥ ನೆಲದಲ್ಲಿ ಉಳುವಾಗ ಇಟ್ಟಿಗೆ ಕೆಂಪಿನ ಸಾಸಿವೆಯಷ್ಟು ಸಣ್ಣ ಮಣಿ ಸಿಕ್ಕರೆ ಅದನ್ನು ಸರಕ್ಕೆ ಪೋಣಿಸಬೇಡಿ. ಸಿಕ್ಕ ಜಾಗದ ಗುರುತು ಮಾಡಿ, ಅಲ್ಲಿ ಮತ್ತೆ ಅಗೆಯದೆ ತಹಶೀಲ್ದಾರ್ ಕಚೇರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ಜಾಗ ತಪ್ಪಿದ ಮೇಲೆ ಆ ಮಣಿಯಿಂದ ತಿಳಿಯುವುದು ಬಹಳ ಕಡಿಮೆ.

ಮನೆಯ ಸರಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಇದು ಯಾರದು, ಯಾವ ಊರಿನಿಂದ ಬಂತು, ಯಾರ ಮದುವೆಯಲ್ಲಿ ಹಾಕಿದ್ದು, ಯಾವ ಮಣಿ ಆಮೇಲೆ ಸೇರಿದ್ದು ಎಂಬುದನ್ನು ಅಜ್ಜಿ ಇರುವಾಗಲೇ ಕೇಳಿ. ಒಂದು ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದು, ಫೋಟೊದ ಜೊತೆ ಅದೇ ಡಬ್ಬಿಯಲ್ಲಿ ಇಡಿ.